ಏನೂ ನೆಡದ ಡಬ್ಬ

ಮಲ್ಲಿಗೆ ಕಡ್ಡಿಯನ್ನು ಮಣ್ಣಿಗೆ ಊರಬೇಕು ಅನ್ನುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಚಾಮರಾಜನಗರ ಜಿಲ್ಲೆಯಾದ ಹೊಸತು. ನಮ್ಮದು ಕ್ವಾರ್ಟರ್ಸಿನ ಮೂರನೇ ಮಹಡಿ. ಉಡಿಗಾಲ ಎಂಬ ಹಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಈ ಅಜ್ಜಿ, ಬಾಲ್ಕನಿಯ ತುಂಬ ಹಳೇ ಪೇಂಟ್ ಡಬ್ಬಗಳಲ್ಲಿ ಕನಕಾಂಬರ, ದೊಡ್ಡಪತ್ರೆ, ಮೆಣಸಿನ ಗಿಡ ಬೆಳೆಸಿದ್ದರು. ಒಂದು ಡಬ್ಬದಲ್ಲಿ ಮಾತ್ರ ಬರೀ ಮಣ್ಣು. ಅದಕ್ಕೂ ದಿನಾ ತಪ್ಪದೆ ನೀರು ಹಾಕುತ್ತಿದ್ದರು. ಸುಮ್ಮನೆ ಯಾಕೆ ಖಾಲಿ ಇರಬೇಕು ಎಂದು ನಾನೇ ಕಡ್ಡಿ ತಂದಿದ್ದೆ.

"ಅದ್ರಲ್ಲಿ ಏನೂ ನೆಡ್‌ಬ್ಯಾಡ ಕಣವ್ವ. ಅಲ್ಲಿ ನಮ್ ಯಜಮಾನ್ರು ಅವ್ರೆ," ಅಂದರು.

ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡೆ. ಗಂಡನನ್ನು ಮಣ್ಣು ಮಾಡಿದ್ದು ಅವರದೇ ಹೊಲದಲ್ಲಂತೆ. ಗಂಡುಮಕ್ಕಳು ಆ ಹೊಲ ಮಾರಿದಾಗ, ಅಜ್ಜಿ ಸಮಾಧಿಯ ಮೇಲಿನ ಮಣ್ಣನ್ನು ಒಂದು ಚೀಲಕ್ಕೆ ತುಂಬಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದರಂತೆ.

"ಅಬ್ಬ ಅರಿದಿನ ಬಂದ್ರ ಬ್ಯಾರೇರ್ ಒಲಕ್ ಓಗಿ ಸಮಾದಿಗೆ ಆಲು ತುಪ್ಪ ಬುಡಕಾಯ್ತದಾ? ಅದ್ಕೇ ಜೊತೇಲೇ ಕರ್ಕಂಡ್ ಬಂದ್ಬುಟ್ಟೆ."

ಆ ಬೇಸಿಗೆಯಲ್ಲಿ ನಲ್ಲಿ ನಿಂತುಹೋಯಿತು. ಕೆಳಗೆ ಬರುವ ಟ್ಯಾಂಕರಿನ ನೀರನ್ನು ಕೊಡದಲ್ಲಿ ಮೂರನೇ ಮಹಡಿಗೆ ಹೊತ್ತು ತರಬೇಕಿತ್ತು. ನಮ್ಮ ಗಿಡಗಳೆಲ್ಲ ಒಣಗಿದವು. ಅಜ್ಜಿಯ ಕನಕಾಂಬರವೂ ಒಣಗಿತು. ಆ ಡಬ್ಬದ ಮಣ್ಣು ಮಾತ್ರ ಒಂದು ದಿನವೂ ಒಣಗಿದ್ದನ್ನು ನಾನು ನೋಡಲಿಲ್ಲ.