ಅರ್ಧ ಗುಟುಕು ಕೇಳಿದ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಬೆರಳುಗಳು ನೀಲಿ. ಹುಟ್ಟಿನಿಂದ ಬಂದದ್ದಲ್ಲ, ಆಂಧ್ರ ಗಡಿಯ ನಮ್ಮ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಕೆಲಸ ಹಿಡಿದವರ ಕೈಯೆಲ್ಲ ಹಾಗೆಯೇ. ಗಾರ್ಮೆಂಟ್ ಯೂನಿಟ್ಟಿನವರು ಹೊಲಿದ ಪ್ಯಾಂಟುಗಳನ್ನು ಆಟೋದಲ್ಲಿ ತಂದು ಮನೆ ಮುಂದೆ ಸುರಿದು ಹೋಗುತ್ತಾರೆ. ಹೆಂಗಸರು ಕೂತು, ಅಲ್ಲಲ್ಲಿ ಜೋತುಬಿದ್ದ ದಾರ ಕತ್ತರಿಸಿ ಕೊಡುತ್ತಾರೆ. ಹೊಸ ಬಟ್ಟೆಯ ಬಣ್ಣ ಉಗುರಿನ ಸಂದಿಗೆ ಇಳಿಯಿತೆಂದರೆ ಯಾವ ಸೋಪಿಗೂ ಜಗ್ಗದು. ತಿಂಗಳ ಮೊದಲ ಭಾನುವಾರ ಹತ್ತಿರ ಬಂತೆಂದರೆ ದೊಡ್ಡಮ್ಮ ಬಚ್ಚಲಲ್ಲಿ ಕೂತು ನಿಂಬೆಹೋಳಿನಿಂದ ಕೈ ತಿಕ್ಕುತ್ತಿದ್ದಳು. ಆ ದಿನ ಚರ್ಚಿನಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ. ಅದಕ್ಕೆ ಹುಳಿಯಿಲ್ಲದ ರೊಟ್ಟಿ ಮಾಡುವವಳು, ಕಪ್ಪು ದ್ರಾಕ್ಷಿ ಕುದಿಸಿ ರಸ ಹಿಂಡುವವಳು ಅವಳೇ. ಎಷ್ಟು ತಿಕ್ಕಿದರೂ ಬೆಳಿಗ್ಗೆ ಬಿಳಿ ಸೀರೆಯ ಸೆರಗು ಹಿಡಿದ ಬೆರಳು ನೀಲಿಯಾಗಿಯೇ ಇರುತ್ತಿತ್ತು.

ಅವಳು ನನ್ನ ತಾಯಿಯ ಅಕ್ಕ. ಅವಳಿಗೆ ಮಕ್ಕಳಿರಲಿಲ್ಲ, ನನಗೆ ತಾಯಿ ಉಳಿಯಲಿಲ್ಲ. ಆ ದಾರ ಕತ್ತರಿಸಿಯೇ ನನ್ನನ್ನು ನರ್ಸಿಂಗ್ ಓದಿಸಿದಳು. ಇವತ್ತು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಜನ ನನ್ನನ್ನು ಸಿಸ್ಟರಮ್ಮ ಎಂದು ಕರೆಯುತ್ತಾರಲ್ಲ, ಆ ಹೆಸರು ಅವಳ ಕೈಯಿಂದ ಬಂದದ್ದು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಹೆಸರನ್ನು ನಾನು ಎಂಥ ಕೆಲಸಕ್ಕೆ ಬಳಸಿದೆ ಎನ್ನುವುದು ಮುಂದೆ ಬರುತ್ತದೆ.

ಕತ್ತರಿ ಆಡಿಸುವಾಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಪ್ಯಾಂಟಿಗೊಂದು ಪ್ರಾರ್ಥನೆ. "ಕರ್ತನೇ, ಇದನ್ನ ಹಾಕ್ಕೊಳ್ಳೋ ಹುಡುಗ ಗಾಡಿ ಮೇಲಿಂದ ಬೀಳದಂಗ ನೋಡ್ಕೊ" ಎಂದು ಒಂದಕ್ಕೆ. ಸೊಂಟದ ಅಳತೆ ದೊಡ್ಡದಿದ್ದರೆ "ಇವಗ ಸಕ್ಕರಿ ಕಾಯ್ಲಿ ಬರದಿರ್ಲಪ್ಪಾ" ಎಂದು ಇನ್ನೊಂದಕ್ಕೆ. ನಾನು ನಕ್ಕರೆ, "ನಗು ನಗು, ಯಾರ ಮನಿ ಮಗನೋ ಏನೋ" ಎಂದು ಗದರಿಸುತ್ತಿದ್ದಳು.

ಟೀವಿಯಲ್ಲಿ ವಾರ್ತೆ ಹಚ್ಚಿದರಂತೂ ಮುಗಿಯಿತು. ಯಾವುದೋ ದೇಶದಲ್ಲಿ ಯುದ್ಧ, ಕುಸಿದ ಮನೆಗಳು, ಮಕ್ಕಳನ್ನು ಎತ್ತಿಕೊಂಡು ಓಡುವ ಜನ. "ಆ ಊರು ಎಲ್ಲಿ ಬರ್ತೈತವ್ವಾ? ಬಳ್ಳಾರಿ ದಾಟಿ ಭಾಳ ದೂರೇನು?" ಎಂದು ಕೇಳುತ್ತಿದ್ದಳು. ಯಾರ ಪರ ಪ್ರಾರ್ಥನೆ ಮಾಡುತ್ತೀ ಎಂದು ಒಮ್ಮೆ ಕೆಣಕಿದೆ. "ಯಾರ ಪರ ಅಂದ್ರ? ಎರಡೂ ಕಡೀ ತಾಯಂದ್ರು ಅದಾರಲ್ಲ" ಎಂದಳು. ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ನಾವೆಲ್ಲ ಕೈಮುಗಿದ ಚಿತ್ರ ಒತ್ತಿ ಕರ್ತವ್ಯ ಮುಗಿಸಿದೆವು. ಅವಳು ಸಂಜೆಯ ಚಹಾ ಬಿಟ್ಟಳು. ಚಹಾ ಎಂದರೆ ಪ್ರಾಣ ಅವಳಿಗೆ.

"ನೀ ಚಾ ಬಿಟ್ರ ಯುದ್ಧ ನಿಲ್ತೈತೇನು ದೊಡ್ಡಮ್ಮಾ?"

"ನಿಲ್ಲಂಗಿಲ್ಲ. ಆದ್ರ ನನಗ ನೆನಪಿರತೈತಿ."

ಕೊರೋನಾದ ಎರಡನೇ ಅಲೆಯಲ್ಲಿ ದೊಡ್ಡಪ್ಪ ತೀರಿಕೊಂಡ. ಮನೆಗೆ ತರುವಂತಿರಲಿಲ್ಲ, ಆಸ್ಪತ್ರೆಯಿಂದ ಟ್ರ್ಯಾಕ್ಟರಿನಲ್ಲಿ ನೇರ ಸಮಾಧಿಗೆ. ನಮ್ಮ ಚರ್ಚಿನ ಸಭಾಪಾಲಕರು (ನಾವು ಅಯ್ಯನವರು ಎನ್ನುತ್ತೇವೆ) ಜ್ವರದಲ್ಲಿ ಮಲಗಿದ್ದರು. ಸಭೆಯವರು ಒಬ್ಬರೂ ಬರಲಿಲ್ಲ. ಬರಬಾರದಿತ್ತು, ನಿಜ, ನಾನೇ ಎಲ್ಲರಿಗೂ ಫೋನು ಮಾಡಿ ಬರಬೇಡಿ ಎಂದಿದ್ದೆ. ಗುಂಡಿಯ ಬಳಿ ಇದ್ದದ್ದು ಮುನ್ಸಿಪಾಲ್ಟಿಯ ಕೆಲಸಗಾರರು, ಗೇಟಿನ ಹತ್ತಿರ ನಾನು ಮತ್ತು ದೊಡ್ಡಮ್ಮ. ಮಣ್ಣೆಳೆಯುವ ಮುಂಚೆ ಅವಳು "ನಿಲ್ರಪ್ಪಾ ಒಂದೀಟು" ಎಂದು ಕೂಗಿ, ನಾನು ಬೇಡವೆಂದು ಕೈ ಹಿಡಿದರೂ ಬಿಡಿಸಿಕೊಂಡು ಒಳಗೆ ಹೋದಳು. ತಾನೇ ಪ್ರಾರ್ಥನೆ ಮಾಡಿದಳು. ಆಮೇಲೆ ಹಗ್ಗ ಹಿಡಿದಿದ್ದ ಮನುಷ್ಯನ ಕಡೆ ತಿರುಗಿ, "ಊಟ ಆತೇನಪ್ಪಾ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದ. ಅವನ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದಳು. ನರ್ಸಾಗಿ ನನಗೆ ಕೋಪ ಬಂದಿತ್ತು. ದೇವರು ದೊಡ್ಡವನು, ಅವಳಿಗೆ ಏನೂ ಆಗಲಿಲ್ಲ.

ಆ ಮನುಷ್ಯ ಊರಿನ ಚರಂಡಿ ತೆಗೆಯುವವನು. ಅವನ ಹೆಂಡತಿ ಬಸ್ ಸ್ಟ್ಯಾಂಡು ಗುಡಿಸುವವಳು. ಎಲ್ಲ ತಣ್ಣಗಾದ ಮೇಲೆ ಒಂದು ಭಾನುವಾರ ಇಬ್ಬರೂ ದೊಡ್ಡಮ್ಮನನ್ನು ಹುಡುಕಿಕೊಂಡು ನಮ್ಮ ಚರ್ಚಿಗೆ ಬಂದರು. ಚರ್ಚೆಂದರೆ ದೊಡ್ಡ ಕಟ್ಟಡವೇನಲ್ಲ, ಓಣಿಯೊಳಗೆ ತಗಡು ಹೊದಿಸಿದ ಒಂದು ಹಾಲ್. ಹಾಡು ತೆಲುಗಿನಲ್ಲಿ, ನಮಸ್ಕಾರಕ್ಕೆ ಹೇಳುವ 'ವಂದನಾಲು' ಕೂಡ ತೆಲುಗಿನದೇ, ಪ್ರಾರ್ಥನೆ ಕನ್ನಡದಲ್ಲಿ, ಜಗಳ ಎರಡರಲ್ಲೂ. ತಿಂಗಳುಗಟ್ಟಲೆ ಬಂದರು, ಕಲಿತರು, ದೀಕ್ಷಾಸ್ನಾನ ಪಡೆದರು. ಅಂದು ಅವನು ಎದ್ದು ನಿಂತು ಸಾಕ್ಷಿ ಹೇಳಿದ: "ಆ ವರ್ಷ ನನ್ನ ಮುಟ್ಟಿದ್ದು ಆ ಅಮ್ಮ ಒಬ್ರ. ಊರಾಗ ನಮ್ಮನ್ನ ಕಂಡ್ರ ದೂರ ಸರೀತಾರ್ರಿ. ಇಲ್ಲಿ ಯಾರೂ ದೂರ ಸರಿಯಂಗಿಲ್ಲ ಅಂತ ಬಂದೀವ್ರಿ." ಸಭೆಯೆಲ್ಲ ಹಲ್ಲೆಲೂಯಾ ಎಂದು ಕೂಗಿತು. ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬಳು.

ನಮ್ಮಲ್ಲಿ ಕರ್ತನ ಭೋಜನಕ್ಕೆ ಒಂದೇ ಪಾತ್ರೆ. ಎಲ್ಲರೂ ಮೊಣಕಾಲೂರಿ ಸಾಲಾಗಿ ಕೂತರೆ ಅಯ್ಯನವರು ಅದನ್ನು ತುಟಿಯಿಂದ ತುಟಿಗೆ ಕೊಡುತ್ತ, ಬಿಳಿ ಬಟ್ಟೆಯಿಂದ ಅಂಚು ಒರೆಸುತ್ತ ಹೋಗುತ್ತಾರೆ. ಕೊರೋನಾದಲ್ಲಿ ಮಾತ್ರ ಟಾನಿಕ್ ಬಾಟಲಿಯ ಮುಚ್ಚಳದಷ್ಟು ಪ್ಲಾಸ್ಟಿಕ್ ಕಪ್ಪುಗಳು ಬಂದಿದ್ದವು. ಕಾಯಿಲೆ ಹೋದಮೇಲೆ ಅವನ್ನು ಅಟ್ಟಕ್ಕೆ ಹಾಕಿ ಹಳೆಯ ಪಾತ್ರೆಯನ್ನೇ ಇಳಿಸಿದ್ದೆವು. ಆ ಗಂಡ ಹೆಂಡತಿ ಮೊದಲ ಸಲ ಸಾಲಿನಲ್ಲಿ ಕೂತು ಆ ಪಾತ್ರೆಯಿಂದ ಕುಡಿದರು. ಅವರ ಆಚೆ ಕೂತವರು ತುಟಿ ತಾಕಿಸಿದಂತೆ ಮಾಡಿ ಬಿಟ್ಟದ್ದನ್ನು ನಾನು ಕಂಡೆ. ಅದೇ ವಾರ ಚರ್ಚಿನ ಕಮಿಟಿ ಕೂಡಿತು, ನಾನೂ ಅದರಲ್ಲಿದ್ದೆ.

"ನಾವೇನು ಜಾತಿ ನೋಡೋರಲ್ಲ ಬಿಡ್ರಿ. ಆದ್ರ ಅವರದು ಚರಂಡಿ ಕೆಲಸ. ಚರ್ಚಿನ್ಯಾಗ ಮಕ್ಳು ಮರಿ, ಮುದುಕ್ರು ಅದಾರ" ಎಂದರು ಹಿರಿಯರೊಬ್ಬರು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. "ಸಿಸ್ಟರಮ್ಮಾ, ನೀವ ಹೇಳ್ರಿ. ಎಂಜಲದಿಂದ ರೋಗ ಬರ್ತಾವೋ ಇಲ್ಲೋ?"

ಬರುತ್ತವೆ ಎಂದೆ. ಯಾವ ಯಾವ ರೋಗ ಎಂದು ಹೆಸರು ಹಿಡಿದು ಹೇಳಿದೆ. ಕಪ್ಪುಗಳೇ ಒಳ್ಳೆಯದು ಎಂದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ, ಪುಸ್ತಕದಲ್ಲಿ ಇರುವುದೇ. ಆದರೆ ಅಲ್ಲಿ ಕೂತವರು ಕೇಳಿದ್ದು ರೋಗದ ವಿಷಯವಲ್ಲ, ನಾನು ಉತ್ತರ ಕೊಟ್ಟದ್ದೂ ರೋಗದ ವಿಷಯಕ್ಕಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಯ್ಯನವರು ತಲೆ ಬಗ್ಗಿಸಿ ಆಯಿತು ಎಂದರು.

ಸಂಜೆ ದೊಡ್ಡಮ್ಮನ ಮನೆಗೆ ಹೋದೆ. ರಸ ಹಿಂಡುವವಳಿಗೆ ತಿಳಿಸಬೇಕಲ್ಲ. ಪ್ಯಾಂಟಿನ ರಾಶಿಯ ನಡುವೆ ಕೂತಿದ್ದಳು. ಹೇಳಿ ಮುಗಿಸುವ ತನಕ ತಲೆಯೆತ್ತಲಿಲ್ಲ.

"ನೀನೂ ಹೂಂ ಅಂದ್ಯಾ?" ಎಂದಳು.

"ಆರೋಗ್ಯದ ವಿಷ್ಯ ದೊಡ್ಡಮ್ಮಾ..."

"ನಮ್ಮಪ್ಪಗ ಹೋಟ್ಲಾಗ ಬ್ಯಾರೆ ಗ್ಲಾಸ್ ಇಡ್ತಿದ್ರು. ಹೊರಗ, ಗ್ವಾಡಿ ಗೂಡಿನ್ಯಾಗ. ಚಾ ಮ್ಯಾಲಿಂದ ಹೊಯ್ಯೋರು. ಕುಡುದು ತಾನ ತೊಳುದು ಬ್ವಾರಲಾಕಿ ಬರಬೇಕಾಗಿತ್ತು. ನಿನಗ ಹೇಳಿಲ್ಲೇನು?"

ಹೇಳಿದ್ದಳು. ಎಷ್ಟೋ ಸಲ ಹೇಳಿದ್ದಳು.

"ಅವರು ಒಬ್ಬಗ ಬ್ಯಾರೆ ಇಟ್ರು. ಒಬ್ಬರಿಗೆ ಇಟ್ರ ಗೊತ್ತಾಗತೈತಿ ಅಂತ ನೀವು ಎಲ್ಲರಿಗೂ ಬ್ಯಾರೆ ಇಟ್ಟೀರಿ. ಓದಿದೋರು, ಹುಷಾರದೀರಿ." ಅಷ್ಟು ಹೇಳಿ ಮತ್ತೆ ದಾರ ಕತ್ತರಿಸತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಎದುರು ಮಾತಾಡಬಹುದು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದು ಸುಮ್ಮನೆ ಆಡುವ ಮಾತಲ್ಲ ಎಂದು ಅವತ್ತು ತಿಳಿಯಿತು. ತಿಳಿದರೂ ಎದ್ದು ಹೋಗಿ ಅಯ್ಯನವರಿಗೆ ಬೇರೆ ಮಾತು ಹೇಳಲಿಲ್ಲ.

ಮುಂದಿನ ಮೊದಲ ಭಾನುವಾರ ಕಪ್ಪುಗಳ ತಟ್ಟೆ ಬಂತು. ರಸ ಎಂದಿನಂತೆ ಅವಳದೇ. ತಾನು ಮಾಡುವುದಿಲ್ಲ ಎಂದು ಅವಳು ಹಟ ಹಿಡಿದಿರಲಿಲ್ಲ. ನಮ್ಮಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಚಾಪೆಯ ಮೇಲೆ ಕೂರುತ್ತಾರೆ. ದೊಡ್ಡಮ್ಮ ತನ್ನ ಜಾಗ ಬಿಟ್ಟು ಬಸ್ ಸ್ಟ್ಯಾಂಡು ಗುಡಿಸುವ ಆ ಹೆಣ್ಣುಮಗಳ ಪಕ್ಕಕ್ಕೆ ಹೋಗಿ ಕೂತಳು. ತಟ್ಟೆ ಮುಂದೆ ಬಂದಾಗ ಕೈಯಾಡಿಸಿ ಬೇಡವೆಂದಳು. ಆ ಹೆಣ್ಣುಮಗಳು ಕಪ್ಪೆತ್ತಿ ತುಟಿಗಿಟ್ಟುಕೊಳ್ಳುವಾಗ, "ಅರ್ಧ ನನಗ ಉಳಸವ್ವಾ" ಎಂದಳು.

ಆಕೆ ಗಾಬರಿಯಾದಳು. "ಎಂಜಲಾಕ್ಕೈತ್ರಮ್ಮಾ!"

"ಆಗ್ಲೇಳು."

ಮೊದಲೇ ಅದು ಒಂದು ಗುಟುಕು. ಅದರಲ್ಲಿ ಅರ್ಧ. ದೊಡ್ಡಮ್ಮ ಕಪ್ಪು ಇಸಿದುಕೊಂಡು ಅದೇ ಅಂಚಿಗೆ ಬಾಯಿಟ್ಟು ಕುಡಿದಳು. ಕಮಿಟಿಯವರೆಲ್ಲ ಹಾಡಿನ ಪುಸ್ತಕದಲ್ಲಿ ಏನನ್ನೋ ಹುಡುಕುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದಿದ್ದರೂ ನಾವೆಲ್ಲ ಹೆಗಲು ಮುಟ್ಟಿ ನೋಡಿಕೊಂಡೆವು. ಆಮೇಲೆ ಪ್ರತಿ ತಿಂಗಳೂ ಹೀಗೆಯೇ. ಬರಬರುತ್ತ ಆ ಹೆಣ್ಣುಮಗಳು ದೊಡ್ಡಮ್ಮ ಕೇಳುವ ಮುಂಚೆಯೇ ಅರ್ಧ ಕುಡಿದು ಕಪ್ಪು ಚಾಚುತ್ತಿದ್ದಳು. ಸಭೆಯವರು ನೋಡಿ ನೋಡಿ ಅಭ್ಯಾಸ ಮಾಡಿಕೊಂಡರು. ಮುದುಕಿಗೆ ಒಂದು ಹುಚ್ಚು ಎಂದುಕೊಂಡರೆ ನಮಗೂ ಹಗುರ.

ಒಂದು ದಿನ ಆ ಹೆಣ್ಣುಮಗಳು ಸೂಜಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಬಂದಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಸಿಸ್ಟರಮ್ಮಾ, ಆ ಸಣ್ಣ ಕಪ್ಪು... ನಮ್ಮ ಸಲುವಾಗಿ ಏನ್ರಿ?" ಎಂದು ಕೇಳಿದಳು.

"ಛೆ ಛೆ, ಏನ್ ಮಾತವ್ವಾ! ಎಲ್ಲರ ಆರೋಗ್ಯದ ಸಲುವಾಗಿ" ಎಂದೆ.

"ಹೌದ್ರಿ. ಆರೋಗ್ಯ ನೋಡ್ಕೋಬೇಕ್ರಿ" ಎಂದು ಹೊರಟುಹೋದಳು. ಸುಳ್ಳು ಹೇಳಿದವಳು ನಾನು. ನನ್ನ ಮಾನ ಉಳಿಸಿದವಳು ಆಕೆ. ದೊಡ್ಡಮ್ಮನಿಗೆ ಈ ಮಾತನ್ನು ನಾನು ಹೇಳಲಿಲ್ಲ, ಹೇಳುವ ಮುಖ ನನಗಿರಲಿಲ್ಲ.

ಕಳೆದ ಚಳಿಗಾಲದಲ್ಲಿ ದೊಡ್ಡಮ್ಮ ಹೋದಳು. ಮಧ್ಯಾಹ್ನದ ಬಿಸಿಲಿಗೆ ಜಗಲಿಯಲ್ಲಿ ಕೂತು ಕೆಲಸ ಮಾಡುತ್ತಿದ್ದವಳು ಹಾಗೇ ಗೋಡೆಗೆ ಒರಗಿದ್ದಳಂತೆ. ನಾನು ಆಸ್ಪತ್ರೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಮಾಧಿಗೆ ಸಭೆಯೆಲ್ಲ ಬಂತು. ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಆ ಹೆಣ್ಣುಮಗಳ ಗಂಡನೂ ಇದ್ದ. ಆಗ ಯಾರೂ ಆರೋಗ್ಯದ ಮಾತೆತ್ತಲಿಲ್ಲ. ಅಯ್ಯನವರು ಅವಳ ನಂಬಿಕೆ, ಪ್ರೀತಿ, ಸೇವೆ ಎಂದು ಬಹಳ ಹೊತ್ತು ಮಾತಾಡಿದರು. ಅವಳು ಅರ್ಧ ಗುಟುಕು ಯಾಕೆ ಕುಡಿಯುತ್ತಿದ್ದಳು ಎಂದು ಮಾತ್ರ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ರೊಟ್ಟಿ, ರಸದ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಭಾನುವಾರ ಬೆಳಿಗ್ಗೆ ಕಪ್ಪುಗಳನ್ನು ಜೋಡಿಸಿ ನಾನೇ ರಸ ತುಂಬಿದೆ. ಇವತ್ತು ಅಯ್ಯನವರ ಹತ್ತಿರ ಪಾತ್ರೆಯ ಮಾತು ಎತ್ತಲೇಬೇಕು ಎಂದುಕೊಂಡಿದ್ದೆ. ಹಾಡು ಶುರುವಾಯಿತು, ಎತ್ತಲಿಲ್ಲ.

ಆ ಹೆಣ್ಣುಮಗಳು ಎಂದಿನ ಜಾಗದಲ್ಲೇ ಕೂತಿದ್ದಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಚಾಪೆ ಖಾಲಿ. ಯಾರೂ ಅಲ್ಲಿಗೆ ಸರಿದಿರಲಿಲ್ಲ. ನಾನು ಅವಳ ಹಿಂದಿನ ಸಾಲಿನಲ್ಲಿದ್ದೆ. ಅಯ್ಯನವರು ಪ್ರಾರ್ಥನೆ ಮುಗಿಸಿದರು, ಎಲ್ಲರೂ ಕಪ್ಪು ಎತ್ತಿದರು. ಆಕೆ ಕಣ್ಣು ಮುಚ್ಚಿಕೊಂಡು ಅರ್ಧ ಕುಡಿದಳು, ಕಣ್ಣು ಮುಚ್ಚಿಕೊಂಡೇ ಉಳಿದದ್ದನ್ನು ಪಕ್ಕಕ್ಕೆ ಚಾಚಿದಳು.

ಕೈ ಹಾಗೆಯೇ ನಿಂತಿತು. ನಾನು ಮುಂದಕ್ಕೆ ಬಾಗಿದ್ದರೆ ಸಾಕಿತ್ತು, ಕಪ್ಪು ಸಿಗುತ್ತಿತ್ತು. ಅಕ್ಕಪಕ್ಕದವರು ನೋಡುತ್ತಿದ್ದಾರೆಯೇ ಎಂದು ನಾನು ಮೊದಲು ಆಚೀಚೆ ನೋಡಿದೆ.

ಅಷ್ಟರಲ್ಲಿ ಆಕೆಗೆ ನೆನಪಾಯಿತು. ಕಣ್ಣು ತೆರೆದು, ಕೈ ಹಿಂದಕ್ಕೆ ಎಳೆದುಕೊಂಡು, ಉಳಿದದ್ದನ್ನು ತಾನೇ ಕುಡಿದಳು. ಸೆರಗಿನಿಂದ ಬಾಯೊರೆಸಿಕೊಂಡು ಹಿಂದೆ ತಿರುಗಿದಾಗ ನನ್ನನ್ನು ಕಂಡಳು.

"ವಂದನಾಲ್ರಿ ಸಿಸ್ಟರಮ್ಮಾ" ಎಂದಳು.

ನಾನೂ ವಂದನಾಲು ಎಂದೆ. ಕುಡಿಯದ ನನ್ನ ಕಪ್ಪು ನನ್ನ ಕೈಯಲ್ಲೇ ಇತ್ತು.