ಸ್ಮೋಕ್‌ಹೌಸಿಗೆ ಎಳೆದ ಕೆಂಪು ಗೀಟು

ಎರಡು ಪದಗಳನ್ನು ಅಕ್ಕಪಕ್ಕ ಕೂರಿಸಿದರೆ ಹೊಸದೊಂದು ವಸ್ತುವಿನ ಹೆಸರಾಗುತ್ತದೆ. ಇಂಗ್ಲಿಷಿನ ಕಾಂಪೌಂಡ್ ನೌನ್ ಅಂದರೆ ಇಷ್ಟೇ. ಇಷ್ಟು ಹೇಳುವುದಕ್ಕೆ ಗೈಡಿನಲ್ಲಿ ನಾಲ್ಕು ಪುಟ, ಸುಳ್ಯದ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದು ವಾರದ ಪಾಠ. ಆ ಘನಕಾರ್ಯ ಮಾಡುತ್ತಿದ್ದವಳು ನಾನೇ. ಗೈಡಿನ ಇಪ್ಪತ್ತು ಪದಗಳನ್ನು ಮಕ್ಕಳಿಂದ ಮಗ್ಗಿಯ ಹಾಗೆ ಹೇಳಿಸುತ್ತಿದ್ದೆ. ಮೊದಲನೆಯದು ರೇನ್‌ಬೋ, ಎರಡನೆಯದು ಸ್ನೋಮ್ಯಾನ್. ಹಿಮದ ಮನುಷ್ಯನನ್ನು ಈ ತಾಲೂಕಿನಲ್ಲಿ ಕಂಡವರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಗದರುತ್ತಿದ್ದೆ.

ಪರೀಕ್ಷೆಯಲ್ಲಿ ಅಂಥ ಐದು ಪದ ಬರೆಯಬೇಕಿತ್ತು. ಗುತ್ತಿಗಾರಿನಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಗೈಡಿನ ಒಂದನ್ನೂ ಬರೆದಿರಲಿಲ್ಲ. ರಬ್ಬರ್ ಶೀಟ್, ಟ್ಯಾಪಿಂಗ್ ನೈಫ್, ರೇನ್ ಗಾರ್ಡ್, ಸ್ಮೋಕ್‌ಹೌಸ್, ಎಲಿಫೆಂಟ್ ಟ್ರೆಂಚ್. ಎಲ್ಲ ರಬ್ಬರ್ ತೋಟದವೇ: ಹಾಲಿಳಿಸಲು ತೊಗಟೆ ಕೆತ್ತುವ ಕತ್ತಿ, ಮಳೆಗೆ ಮರಕ್ಕೆ ಸುತ್ತುವ ಪ್ಲಾಸ್ಟಿಕ್, ಹಾಲಿನ ಶೀಟಿಗೆ ಹೊಗೆ ಹಾಕುವ ಕೋಣೆ, ಆನೆ ತಡೆಯುವ ಕಂದಕ. ಐದಕ್ಕೂ ಕೆಂಪು ಗೀಟು ಎಳೆದೆ. ಅಷ್ಟರಿಂದಲೇ ಅವಳು ಫೇಲಾದಳು. ಫೇಲಾದವರಿಗೆ ಸಂಜೆ ವಿಶೇಷ ತರಗತಿ. ಅದಕ್ಕೆ ಕೂತರೆ ನಾಲ್ಕರ ಬಸ್ಸು ತಪ್ಪಿ, ಮುಂದಿನ ಬಸ್ಸಿಳಿದು ಆನೆ ಓಡಾಡುವ ದಾರಿಯಲ್ಲಿ ಅವಳು ಮಬ್ಬುಗತ್ತಲಲ್ಲಿ ನಡೆಯಬೇಕು.

ಪೇಪರ್ ಹಿಡಿದು ಸ್ಟಾಫ್ ರೂಮಿಗೆ ಬಂದಳು.

"ಟೀಚರ್, ಇದು ತಪ್ಪಾ? ನಮ್ಮ ಮನೇಲಿ ಸ್ಮೋಕ್‌ಹೌಸ್ ಉಂಟು, ಶೀಟು ಒಣಗಿಸ್ಲಿಕ್ಕೆ. ಮತ್ತೆ ಅದಕ್ಕೆ ಇಂಗ್ಲಿಷಲ್ಲಿ ಎಂತ ಹೇಳುದು?"

"ಗೈಡಲ್ಲಿ ಉಂಟಾ ಅದು?"

"ಇಲ್ಲ ಟೀಚರ್."

"ಮತ್ತೆ ಎಂತ ಕೇಳುದು ನೀನು? ಹೋಗು."

ಗೊತ್ತಿಲ್ಲದೆ ಹೀಗೆ ಮಾಡಿದ್ದರೆ ದಡ್ಡಿಯೆಂದು ನನ್ನನ್ನು ನಾನೇ ಕ್ಷಮಿಸಿಕೊಳ್ಳಬಹುದಿತ್ತು. ನನ್ನ ಅಪ್ಪ ಕಡಬದ ಹತ್ತಿರ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಿದ್ದವರು. ಸ್ಮೋಕ್‌ಹೌಸಿನಲ್ಲಿ ಶೀಟು ತಿರುವಿ ಹಾಕಿದ ಕೈ ನನ್ನದು. ಅದರ ನಾತ ಯೂನಿಫಾರ್ಮಿಗೆ ಹತ್ತಿ, ಬೆಂಚಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಇಸ್ತ್ರಿ ಸೀರೆಯ ಟೀಚರಮ್ಮ ಆದ ಮೇಲೆ ಆ ಸಂಗತಿಯನ್ನು ಬಾಯಿ ಬಿಟ್ಟವಳಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನಗೆ ಹಿತ್ತಲೇ ಬೇಡವಾಗಿತ್ತು. ಆ ಐದು ಪದಗಳಲ್ಲಿ ಒಂದೂ ತಪ್ಪಿಲ್ಲವೆಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಥೂ, ಎಂಥ ಹೊಲಸು ಹೆಮ್ಮೆ!

ಮೂರು ವಾರ ಅವಳು ವಿಶೇಷ ತರಗತಿಗೆ ಕೂತಳು. ಬಸ್ಸಿಳಿಯುವಲ್ಲಿ ಅವಳಮ್ಮ ಟಾರ್ಚು ಹಿಡಿದು ಕಾಯುತ್ತಿದ್ದರಂತೆ. ಮುಂದಿನ ಪರೀಕ್ಷೆಗೆ ಅದೇ ಪ್ರಶ್ನೆ ಬಂತು. ರೇನ್‌ಬೋ, ಸ್ನೋಮ್ಯಾನ್ ಎಂದು ಶುರುಮಾಡಿ ಗೈಡಿನ ಐದನ್ನು ದುಂಡಗೆ ಬರೆದಿದ್ದಳು. ಐದಕ್ಕೆ ಐದು ಕೊಟ್ಟೆ.

ಪೇಪರ್ ಮಡಚಿ ಚೀಲಕ್ಕೆ ಹಾಕಿಕೊಂಡು ಅವಳು ನಾಲ್ಕರ ಬಸ್ಸಿಗೆ ಓಡಿದಳು.