ಬೆಟ್ಟಕ್ಕೆ ಇಸ್ತ್ರಿ ಹಾಕಿದ ಲಾಂಡ್ರಿ ಅಕ್ಕ

"ಅಮ್ಮಾ, ಲಾಂಡ್ರಿ ಅಜ್ಜಿ ಬೆಟ್ಟಕ್ಕೂ ಇಸ್ತ್ರಿ ಹಾಕ್ತಾರಾ?"

ಹಾಲಿನ ಲೋಟ ಹಿಡಿದು ಮಗಳ ಹಿಂದೆ ಮೆಟ್ಟಿಲಿಳಿಯುತ್ತಿದ್ದವಳು ಹಾಗೇ ನಿಂತೆ. ಆರು ವರ್ಷದ ಬಾಯಿಂದ ದಿನಕ್ಕೆ ನೂರು ಪ್ರಶ್ನೆ ಬರುತ್ತವೆ. ತೊಂಬತ್ತಕ್ಕೆ 'ಹೂಂ' ಅಂದರೆ ಸಾಕು. ಇದಕ್ಕೆ ಸಾಕಾಗಲಿಲ್ಲ. ಕೆಳಗಿನ ಅಂಗಡಿಗೆ ಇಣುಕಿದರೆ ಅವಳು ಹೇಳಿದ್ದು ನಿಜವೇ! ಮೇಜಿನ ಮೇಲೆ ಬೆಟ್ಟದ ಮ್ಯಾಪು, ಅದರ ಮೇಲೆ ತೆಳು ಬಟ್ಟೆ, ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ. ಮಗಳ ಲಾಂಡ್ರಿ ಅಜ್ಜಿ, ನನ್ನ ಲಾಂಡ್ರಿ ಅಕ್ಕ, ಉಸಿರು ಬಿಗಿ ಹಿಡಿದು ಒತ್ತುತ್ತಿದ್ದರು.

"ಮಾತಾಡಿಸ್ಬೇಡಮ್ಮ, ಶಿಖರಕ್ಕೆ ಬಂದಿದೀನಿ," ಎಂದರು.

ನಮ್ಮ ಮನೆಯ ಕೆಳಗೇ ಅವರ ಅಂಗಡಿ. ಮೂರು ಮಶೀನು, ಒಂದು ಇಸ್ತ್ರಿ ಮೇಜು, ಗೋಡೆಯಿಂದ ಗೋಡೆಗೆ ತಂತಿ. ಮೊದಲು ಹದಿನೆಂಟು ವರ್ಷ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ದುಡಿದವರು, ಆಮೇಲೆ ಇಪ್ಪತ್ತೆರಡು ವರ್ಷದಿಂದ ಇಲ್ಲಿ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಹೊರಡೋಣ ಅಂದ್ಕೊಂಡೆ, ಚಾದರ ಒಣಗಿರ್ಲಿಲ್ಲ," ಎನ್ನುತ್ತಾರೆ. ಮಗಳು ಕೂಸಾಗಿದ್ದಾಗ, ಮಳೆ ಹನಿ ಬಿದ್ದರೆ ಸಾಕು, ನಾನು ಏಳುವ ಮೊದಲೇ ನಮ್ಮ ತಂತಿಯ ಬಟ್ಟೆಯೆಲ್ಲ ಮಡಿಚಿ ಬಾಗಿಲಲ್ಲಿ ಇಟ್ಟಿರುತ್ತಿದ್ದರು. ಬಾಗಿಲು ಬಡಿದು ಹೇಳಿದವರೂ ಅಲ್ಲ.

ನಮ್ಮ ಬೀದಿಯ ತುದಿಯಲ್ಲಿ, ಪೆಟ್ರೋಲ್ ಬಂಕಿನ ತಲೆಯ ಮೇಲೆ ಕೂತಂತೆ ಬೆಟ್ಟ ಕಾಣುತ್ತದೆ. ಅದರಾಚೆ ಪೂರ್ತಿ ರಾಷ್ಟ್ರೀಯ ಉದ್ಯಾನ. ಹೋಗಿ ಬಂದ ಪ್ರವಾಸಿಗಳು ಕೆಸರು ಪ್ಯಾಂಟುಗಳನ್ನು ಅಕ್ಕನ ಮುಂದೆ ಸುರಿಯುತ್ತಾರೆ. ಒಗೆಯುವ ಮುಂಚೆ ಜೇಬು ತಡಕುವುದು ಅಕ್ಕನ ಕಟ್ಟುನಿಟ್ಟು. ಯಾರ ಜೇಬಲ್ಲಿ ಕಪ್ಪಗೆ ಮಿನುಗುವ ಮರಳಿದೆಯೋ ಅವರು ಮೇಲಿನ ಸರೋವರ ನೋಡಿ ಬಂದವರು. ಅಂಥ ಮರಳು ಬೇರೆಲ್ಲೂ ಇಲ್ಲ. ಎಷ್ಟು ಕೊಡವಿದರೂ ಉಳಿದದ್ದು ಮಶೀನಿನ ಫಿಲ್ಟರಿನಲ್ಲಿ ಕೂರುತ್ತದೆ.

"ಇಪ್ಪತ್ತೆರಡು ವರ್ಷದಿಂದ ಆ ಸರೋವರಾನ ಹಳೇ ಬ್ರಶ್‌ನಲ್ಲಿ ಉಜ್ಜಿ ತೆಗೀತಿದೀನಿ. ನನ್ನ ಮಶೀನು ನನಗಿಂತ ಜಾಸ್ತಿ ಊರು ನೋಡಿದೆ," ಎನ್ನುತ್ತಿದ್ದರು.

ಹಾಗಿರುವಾಗ ಉದ್ಯಾನದವರು ನೋಟಿಸು ಹಚ್ಚಿದರು. ಹುಲ್ಲು, ಗಿಡ ಮತ್ತೆ ಬೆಳೆಯಲೆಂದು ಈ ತಿಂಗಳ ಕೊನೆಯ ಬುಧವಾರದ ನಂತರ ಸರೋವರದ ದಾರಿ ಮೂರು ವರ್ಷ ಬಂದ್. ಅಕ್ಕನಿಗೆ ಅರವತ್ತೆರಡು. ನೋಯುವ ಒಂದು ಮಂಡಿ ಈಗಲೇ ಹವಾಮಾನ ಹೇಳುತ್ತದೆ. ನೋಟಿಸನ್ನು ಎರಡು ಸಲ ಓದಿ ಸೀದಾ ನಮ್ಮ ಮನೆಗೆ ಹತ್ತಿ ಬಂದರು.

"ಈಗ ಬಿಟ್ರೆ ಆ ನೀರು ನನಗೆ ಸಿಗಲ್ಲ. ನೀವು ಮೂರು, ನಾನೊಂದು. ಬರ್ತೀರಾ?"

ದಿನಕ್ಕೆ ನಲವತ್ತು ಜನಕ್ಕೆ ಮಾತ್ರ ಪಾಸು. ದಾರಿ ಮುಚ್ಚುವ ಮುಂಚಿನ ಕೊನೆಯ ಭಾನುವಾರಕ್ಕೆ ನಾಲ್ವರಿಗೂ ಸೇರಿ ಒಂದು ಪಾಸು ಸಿಕ್ಕಿದ್ದೇ ತಡ, ಅಕ್ಕನ ಕಾಲು ನೆಲಕ್ಕೆ ತಾಗಲಿಲ್ಲ. ಬಟ್ಟೆಗೆ ಚುಚ್ಚುವ ಚೀಟಿಗಳ ಮೇಲೆ ಪ್ರವಾಸ ಬರೆದು ತಂತಿಗೆ ಕ್ಲಿಪ್ ಹಾಕಿ ನೇತುಹಾಕಿದರು. ಬಸ್ಸು, ಗೇಟು, ಸೇತುವೆ, ಕಾವಲು ಮನೆ, ಸರೋವರ. ಸೇತುವೆಯಿಂದ ಕಾವಲು ಮನೆಗೆ ಇಪ್ಪತ್ತೇ ನಿಮಿಷ. ಕಾಲಿಗೆ ಅಭ್ಯಾಸವಾಗಲೆಂದು ಒದ್ದೆ ಚಾದರದ ಮೂಟೆ ಹೊತ್ತು ದಿನಾ ನಮ್ಮ ಮೆಟ್ಟಿಲು ಹತ್ತಿ ಇಳಿದರು. ಮಗಳು ಕಡ್ಡಿ ಹಿಡಿದು ಹಿಂದಿನಿಂದ ಎಣಿಸುತ್ತಿದ್ದಳು. ಮಹಡಿಯ ಮೇಷ್ಟ್ರು ಬಾಗಿಲು ತೆರೆದು, "ಏನ್ರೀ ಇದು, ಮನೆ ಖಾಲಿ ಮಾಡ್ತಿದೀರಾ?" ಎಂದು ಗಾಬರಿಯಾದರು.

ಇಷ್ಟೆಲ್ಲಕ್ಕೂ ಆಧಾರ ಅದೇ ಇಸ್ತ್ರಿ ಹಾಕಿದ ಮ್ಯಾಪು. ಯಾವನೋ ಪ್ರವಾಸಿಯ ಪ್ಯಾಂಟಿನ ಒಳಜೇಬಿನಲ್ಲಿ ಅಡಗಿ, ಅಕ್ಕನ ಕಣ್ಣಿಗೂ ಮಣ್ಣೆರಚಿ ಮಶೀನು ಸೇರಿತ್ತಂತೆ. ಉಂಡೆಯಾಗಿ ಬಂದದ್ದನ್ನು ಬಿಡಿಸಿದರೆ ನಡುವಿನ ಮಡಿಕೆಯಲ್ಲಿ ಎರಡು ತುಂಡು. ಅಕ್ಕ ಅಂಚಿಗೆ ಅಂಚು ಕೂಡಿಸಿ, ಹಿಂದಿನಿಂದ ಬಟ್ಟೆಯ ಪಟ್ಟಿ ಅಂಟಿಸಿ, ಹೊಸದರಂತೆ ಮಾಡಿದ್ದರು. ಉದ್ಯಾನದ ಆಫೀಸಿನಲ್ಲಿ ಬೇರೆ ಮ್ಯಾಪು ಸಿಗುತ್ತದೆ ಎಂದು ನಾನು ಹೇಳಿದ್ದಕ್ಕೆ ಅವರ ಮುಖ ಊದಿತು. "ಯಾಕೆ, ಇದಕ್ಕೇನು ಬಂದಿದೆ ರೋಗ?"

ಭಾನುವಾರ ಬೆಳಿಗ್ಗೆ ಎಲ್ಲವೂ ಚೀಟಿಯಲ್ಲಿದ್ದಂತೆಯೇ ಆಯಿತು. ಸೇತುವೆ ಎಂಟೂ ಐವತ್ತಕ್ಕೆ ಬಂತು. ಅಕ್ಕ ಕೈಗಡಿಯಾರ ನನ್ನ ಮೂಗಿಗೇ ಹಿಡಿದು, "ನೋಡಿದ್ಯಾ?" ಎಂದರು.

ಇಪ್ಪತ್ತು ನಿಮಿಷವಾಯಿತು. ಕಾವಲು ಮನೆ ಇಲ್ಲ. ನಲವತ್ತಾಯಿತು. ಇಲ್ಲ. ಒಂದು ಕಣಿವೆಗೆ ಇಳಿದು ಹತ್ತಿದೆವು. ಮಂಡಿಯೆತ್ತರ ಹಳದಿ ಹೂವಿನ ಬಯಲು ಬಂತು. ಗುಡುಗುಡು ಹರಿಯುವ ಹಳ್ಳ ಬಂತು.

ನನ್ನ ಗಂಡ ಮ್ಯಾಪನ್ನು ತಲೆಕೆಳಗು ಮಾಡಿ ನೋಡಿ, "ಅಕ್ಕಾ, ಈ ಹಳ್ಳ ಇದರಲ್ಲಿ ಇಲ್ವಲ್ಲ," ಎಂದರು.

"ಇಲ್ಲಾಂದ್ರೆ ಅದು ಹಳ್ಳದ ತಪ್ಪು. ನಡೀರಿ."

ಎರಡನೇ ಹಳ್ಳವೂ ಅದೇ ತಪ್ಪು ಮಾಡಿತು. ಹತ್ತೂವರೆಯಾಗಿತ್ತು. ಮಗಳು ಒಂದು ಶೂ ಬಿಚ್ಚಿ, ಇನ್ನು ಜಪ್ಪಯ್ಯ ಅಂದರೂ ಏಳುವುದಿಲ್ಲವೆಂದು ಹುಲ್ಲಿನ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ಮೇಲಿನಿಂದ ಉದ್ಯಾನದ ಗಾರ್ಡೊಬ್ಬ ಇಳಿದು ಬಂದ. ಮ್ಯಾಪು ಇಸಕೊಂಡು ಬಿಸಿಲಿಗೆ ಹಿಡಿದ. ಅದರ ಬೆನ್ನಿಗೆ ಅಂಟಿಸಿದ ಪಟ್ಟಿಯ ಮೇಲೆ ಬೆರಳಾಡಿಸಿದ. ಆಮೇಲೆ ಹೊಟ್ಟೆ ಹಿಡಿದು ನಗುತ್ತ ಕಲ್ಲಿನ ಮೇಲೆ ಕುಸಿದ.

"ಅಮ್ಮಾ, ಮಡಿಕೆಯಲ್ಲಿ ಎರಡು ಬೆರಳಗಲ ಕಾಗದಾನೇ ಇಲ್ವಲ್ಲ! ನಾಲ್ಕು ಕಿಲೋಮೀಟರ್ ಎಲ್ಲಿ ಹೋಯ್ತು?"

"ಫಿಲ್ಟರಿನಲ್ಲಿ ಹಿಟ್ಟಿನ ಥರ ಬಂದಿತ್ತಪ್ಪಾ," ಎಂದರು ಅಕ್ಕ ಸಣ್ಣ ದನಿಯಲ್ಲಿ. "ನಾನೇ ತೆಗೆದು ಕಸಕ್ಕೆ ಹಾಕ್ದೆ."

ನಕ್ಕೂ ನಕ್ಕೂ ನನಗೆ ಬಿಕ್ಕಳಿಕೆ ಹತ್ತಿತು. ಯಾಕೆಂದು ತಿಳಿಯದೆ ಮಗಳೂ ನಕ್ಕಳು. ಆದರೆ ಗಾರ್ಡು ನಗು ನಿಲ್ಲಿಸಿ ಲೆಕ್ಕ ಹೇಳಿದಾಗ ನಮ್ಮ ನಗುವೂ ನಿಂತಿತು. ಮಗುವಿನ ನಡಿಗೆಯಲ್ಲಿ ಸರೋವರ ತಲುಪುವಷ್ಟರಲ್ಲಿ ಮಧ್ಯಾಹ್ನ ಎರಡು ದಾಟುತ್ತದೆ. ನಾಲ್ಕರ ಕೊನೆಯ ಬಸ್ಸು ಸಿಗುವ ಮಾತೇ ಇಲ್ಲ.

"ಅಕ್ಕಾ, ನೀವಿಬ್ರು ಹೋಗಿ ಬನ್ನಿ, ನಾನು ಇವಳನ್ನ ಕರ್ಕೊಂಡು ಇಳೀತೀನಿ," ಎಂದೆ.

ಗಾರ್ಡು ತಲೆಯಾಡಿಸಿದ. ನಾಲ್ವರಿಗೂ ಒಂದೇ ಪಾಸು. ಹೋದರೆ ಎಲ್ಲರೂ, ಮರಳಿದರೆ ಎಲ್ಲರೂ.

ಅಕ್ಕ ಮೇಲಿನ ದಾರಿಯನ್ನು ಒಮ್ಮೆ ನೋಡಿದರು. ಆಮೇಲೆ ಮಗಳ ಮುಂದೆ ಮಂಡಿಯೂರಿ ಶೂ ತೊಡಿಸತೊಡಗಿದರು. "ಬಾರೇ ರಾಣಿ, ಮ್ಯಾಪಲ್ಲೇ ಇಲ್ಲದ ಜಾಗಕ್ಕೆ ಬಂದಿದೀವಿ. ಇಲ್ಲಿ ಯಾರ ಅಪ್ಪಣೇನೂ ಬೇಡ. ಮೊದಲು ನೀರಾಟ, ಆಮೇಲೆ ಬ್ರೆಡ್ಡು." ಇಬ್ಬರೂ ಕೈ ಹಿಡಿದು ಹಳ್ಳಕ್ಕೆ ಇಳಿದರು. ಈಗಷ್ಟೇ ಹಾಕಿದ ಶೂ ಸಮೇತ.

ಹೊರಡುವಾಗ ಗಾರ್ಡು ಇನ್ನೊಂದು ಮಾತು ಹೇಳಿದ. ಪಾಸು ತೆಗೆದೂ ಬಾರದವರ ಜಾಗ ಬೆಳಿಗ್ಗೆ ಆರೂವರೆಗೆ ಗೇಟಿನಲ್ಲೇ ಕೊಡುತ್ತಾರೆ. ವಾರದ ದಿನ ಎರಡಾದರೂ ಉಳಿಯುತ್ತವೆ. ಅಕ್ಕ ಮಗಳ ಶೂವಿನ ನೀರು ಸುರಿಯುತ್ತ ಕೇಳಿಸಿಕೊಂಡರು. ಸೋಮವಾರ ಹತ್ತಕ್ಕೆ ಹೋಟೆಲಿನ ಚಾದರ ಬರುತ್ತವೆ. ಇಪ್ಪತ್ತೆರಡು ವರ್ಷದಲ್ಲಿ, ಜ್ವರದಲ್ಲೂ, ಅಂಗಡಿಯ ಬಾಗಿಲು ಮುಚ್ಚಿದವರಲ್ಲ. ಇನ್ನೊಬ್ಬರ ಕೈಗೆ ಬೀಗದ ಕೈ ಕೊಟ್ಟದ್ದೂ ನಾನು ಕಂಡಿಲ್ಲ.

ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲೆ ನಿದ್ದೆಹೋದಳು. ಪಕ್ಕದಲ್ಲಿ ಅಕ್ಕ ಕಿಟಕಿಗೆ ಮುಖ ಕೊಟ್ಟು ಕೂತಿದ್ದರು. ಬೇಜಾರಾಗಿರಬೇಕೆಂದು ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಮೊಣಕೈ ತಿವಿದರು. ತಿರುಗಿದರೆ ಮುಖದ ತುಂಬ ಶಾಲೆ ತಪ್ಪಿಸುವ ಹುಡುಗಿಯ ಕಳೆ.

"ಒಂದು ಕೇಳ್ತೀನಿ, ಇಲ್ಲ ಅನ್ಬೇಡ," ಎಂದು ಬೀಗದ ಕೈಗೊಂಚಲನ್ನು ನನ್ನ ಅಂಗೈಗೆ ಒತ್ತಿದರು. "ನಾಳೆ ಒಂದಿನ ಅಂಗಡಿ ನೋಡ್ಕೋ. ಚಾದರ ಎಣಿಸಿ ಇಳಿಸ್ಕೋ ಅಷ್ಟೇ, ಒಗೆಯಕ್ಕೆ ಮಾತ್ರ ಹೋಗ್ಬೇಡ, ನೀನು ಸೋಪಿನಪುಡಿ ಸುರೀತೀಯ. ಯಾರಾದ್ರೂ ಕೇಳಿದ್ರೆ ಹುಷಾರಿಲ್ಲ ಗಿಷಾರಿಲ್ಲ ಅನ್ಬೇಡ ಮತ್ತೆ. ಬೆಟ್ಟಕ್ಕೆ ಹೋಗಿದಾರೆ ಅನ್ನು. ಜೋರಾಗಿ ಅನ್ನು."